ಮೂಗುದಾರ ಕಳಚಿದ ಮೇಲೆ

ಡಮರುವಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿತೆಂದರೆ ಸಾಕು, ಹಿಂದಿನ ತಲೆಮಾರಿನ ಮಕ್ಕಳು ಉಣ್ಣುತ್ತಿದ್ದ ತಟ್ಟೆಯನ್ನು ಬಿಟ್ಟು ಹೊರಕ್ಕೆ ಓಡುತ್ತಿದ್ದರು. ಹೆಗಲಿಗೆ ಜೋಳಿಗೆ, ಒಂದು ಕೈಯಲ್ಲಿ ಡಮರು, ಇನ್ನೊಂದು ಕೈಯಲ್ಲಿ ಕೋಲು ಮತ್ತು ಹಗ್ಗ; ಆ ಹಗ್ಗದ ತುದಿಗೆ ಮೈತುಂಬ ಕೆದರಿದ ಕರಿಯ ಕೂದಲಿನ ಒಂದು ಕರಡಿ. ಕರಡಿಯವನು ಬಂದನೆಂದರೆ ಬೀದಿಗೆ ಬೀದಿಯೇ ನೆರೆಯುತ್ತಿತ್ತು. ಕರಡಿ ಹಿಂಗಾಲಿನ ಮೇಲೆ ನಿಂತು ಕುಣಿಯುತ್ತಿತ್ತು, ನೆರೆದವರಿಗೆ ಸಲಾಮು ಹೊಡೆಯುತ್ತಿತ್ತು, ಮಾವನ ಮನೆಗೆ ಹೊರಟ ಅಳಿಯನಂತೆ ಕೋಲನ್ನು ಹೆಗಲ ಮೇಲಿಟ್ಟುಕೊಂಡು ನಡೆಯುತ್ತಿತ್ತು. ರಾತ್ರಿ ಬೆಚ್ಚಿಬೀಳುವ ಮಗುವನ್ನು ತಾಯಂದಿರು ತಂದು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು. ಒಂದೆರಡು ಕೂದಲನ್ನು ಕಾಸು ಕೊಟ್ಟು ಪಡೆದು, ತಾಯಿತದಲ್ಲಿ ಹಾಕಿಸಿ ಕೊರಳಿಗೆ ಕಟ್ಟುತ್ತಿದ್ದರು. ದೇವನಹಳ್ಳಿ, ವಿಜಯಪುರ, ಹೊಸಕೋಟೆಗಳಂಥ ಊರುಗಳಲ್ಲಿ ಬೆಳೆದ ಹಿರಿಯರಿಗೆ, ನಾಡಿನ ಬೇರೆಲ್ಲ ಊರುಗಳ ಹಿರಿಯರಿಗಿರುವಂತೆಯೇ, ಈ ನೋಟ ಅಪರಿಚಿತವಲ್ಲ.

ಇಂದು ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯ ಆಸುಪಾಸಿನಲ್ಲಿ ಆಡುವ ಮಕ್ಕಳಿಗೆ ಆ ಡಮರುವಿನ ಸದ್ದು ಗೊತ್ತಿಲ್ಲ. ಕರಡಿಯವನು ಕಥೆಯಾಗಿ ಉಳಿದಿದ್ದಾನೆ. ಆದರೆ ಕರಡಿಗಳು ಎಲ್ಲಿಗೆ ಹೋದವು? ಬೀದಿಯಿಂದ ಕಾಣೆಯಾದ ಪ್ರಾಣಿ ತಾನಾಗಿಯೇ ಕಾಡಿಗೆ ಸೇರಿಕೊಂಡಿತೆಂದು ಅನೇಕರು ತಿಳಿದಿದ್ದಾರೆ. ಸಂಗತಿ ಹಾಗಿಲ್ಲ. ವಿಜಯಪುರದಿಂದ ಬಸ್ಸು ಹಿಡಿದು, ಬೆಂಗಳೂರನ್ನು ಉತ್ತರದಿಂದ ದಕ್ಷಿಣಕ್ಕೆ ದಾಟಿದರೆ ಬನ್ನೇರುಘಟ್ಟ ಸಿಗುತ್ತದೆ. ಆ ಕಾಡಿನ ಮಡಿಲಲ್ಲಿ 2005ರಿಂದ ಕರಡಿಗಳ ಪುನರ್ವಸತಿ ಕೇಂದ್ರವೊಂದು ನಡೆದುಬಂದಿದೆ. ಕುಣಿತ ಬಿಟ್ಟ ಕರಡಿಗಳು ಮುದುಕಾಗುವುದಕ್ಕೆ ಬಂದ ತಾಣ ಅದು.

ಕುಣಿತದ ಗುಟ್ಟು

ಕರಡಿ ಕುಣಿಯುತ್ತಿದ್ದುದು ಏಕೆ ಎಂಬುದನ್ನು ತಿಳಿಯಬೇಕಾದರೆ ಅದರ ಮೂಗಿನ ವಿಚಾರ ಮೊದಲು ತಿಳಿಯಬೇಕು. ನಮ್ಮ ನಾಡಿನ ಕರಡಿಗೆ ಕಣ್ಣು ಮಂದ, ಕಿವಿಯೂ ಅಷ್ಟೇನೂ ಚುರುಕಲ್ಲ. ಮೂಗೇ ಅದರ ಬಾಳಿನ ಬುತ್ತಿ. ನೆಲದೊಳಗಿನ ಗೆದ್ದಲನ್ನು, ಮರದ ಪೊಟರೆಯಲ್ಲಿನ ಜೇನನ್ನು, ಕಳಿತು ಬಿದ್ದ ಹಣ್ಣನ್ನು ಅದು ವಾಸನೆಯಿಂದಲೇ ಪತ್ತೆ ಮಾಡುತ್ತದೆ. ಉದ್ದವಾದ ಉಗುರುಗಳಿಂದ ಹುತ್ತವನ್ನು ಬಗೆದು, ಮೂತಿಯನ್ನು ಒಳಗೆ ತೂರಿಸಿ, ಮಣ್ಣನ್ನು ಊದಿ ಹಾರಿಸಿ, ಗೆದ್ದಲುಗಳನ್ನು ಕೊಳವೆಯಲ್ಲಿ ಹೀರುವಂತೆ ಹೀರಿಕೊಳ್ಳುತ್ತದೆ. ಈ ಕೆಲಸಕ್ಕೆ ಅನುಕೂಲವಾಗಲೆಂದು ಪ್ರಕೃತಿ ಅದರ ಮೇಲಿನ ಸಾಲಿನ ನಡುವಣ ಎರಡು ಹಲ್ಲುಗಳನ್ನೇ ಕೊಟ್ಟಿಲ್ಲ. ಮಣ್ಣು ಒಳಹೋಗದಂತೆ ಮೂಗಿನ ಹೊಳ್ಳೆಗಳನ್ನು ಬೇಕೆಂದಾಗ ಮುಚ್ಚಿಕೊಳ್ಳುವ ಶಕ್ತಿಯನ್ನೂ ಅದಕ್ಕೆ ಕೊಟ್ಟಿದೆ. ಕರಡಿ ಗೆದ್ದಲು ಹೀರುವ ಸದ್ದು ಕಾಡಿನಲ್ಲಿ ಬಹುದೂರದವರೆಗೆ ಕೇಳಿಸುತ್ತದೆ.

ಇಂಥ ಮೂತಿಯನ್ನೇ ಮನುಷ್ಯನು ತನ್ನ ಹಗ್ಗಕ್ಕೆ ಆರಿಸಿಕೊಂಡನು. ತಾಯಿಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವ ಪ್ರಾಣಿ; ಅದು ಬದುಕಿರುವ ತನಕ ಮರಿಯನ್ನು ಮುಟ್ಟುವುದು ಯಾರಿಗೂ ಸಾಧ್ಯವಿಲ್ಲ. ಆದುದರಿಂದ ಮೊದಲು ತಾಯಿಯನ್ನು ಕೊಲ್ಲುವುದು, ಅನಂತರ ಮರಿಯನ್ನು ಚೀಲಕ್ಕೆ ಹಾಕುವುದು ಬೇಟೆಗಾರರ ಕ್ರಮವಾಗಿತ್ತು. ಮರಿ ಕೆಲವು ತಿಂಗಳದ್ದಾದಾಗ ಕಾದ ಕಬ್ಬಿಣದ ಸಲಾಕೆಯಿಂದ ಮೂತಿಯನ್ನು ಚುಚ್ಚಿ ಹಗ್ಗವನ್ನು ಪೋಣಿಸುತ್ತಿದ್ದರು. ಕೋರೆಹಲ್ಲುಗಳನ್ನು ಮುರಿಯುತ್ತಿದ್ದರು. ಗಂಡಾದರೆ ಬೀಜ ಒಡೆಯುತ್ತಿದ್ದರು. ಇದೆಲ್ಲವೂ ಅರಿವಳಿಕೆಯಿಲ್ಲದೆ ನಡೆಯುತ್ತಿತ್ತು. ಗಾಯ ಪೂರ್ತಿ ಮಾಯುವುದಕ್ಕೆ ಆಸ್ಪದವೇ ಇರುತ್ತಿರಲಿಲ್ಲ, ಏಕೆಂದರೆ ಹಗ್ಗ ಎಳೆದಾಗ ನೋವಾದರೆ ತಾನೆ ಕರಡಿ ಮೇಲೇಳುವುದು? ಬೀದಿಯಲ್ಲಿ ನೆರೆದವರು ಕುಣಿತವೆಂದು ಕಂಡದ್ದು ಆ ಎಳೆತದಿಂದ ತಪ್ಪಿಸಿಕೊಳ್ಳಲು ಕರಡಿ ಹಾಕುತ್ತಿದ್ದ ಹೆಜ್ಜೆಗಳನ್ನು. ಕೆಟ್ಟ ಮನಸ್ಸಿನಿಂದ ಯಾರೂ ಕೈತಟ್ಟಲಿಲ್ಲ. ತಿಳಿಯದೆ ತಟ್ಟಿದರು.

ಕಾಯಿದೆ ಬಂದ ಬಗೆ

ಕರಡಿ ಕುಣಿಸುವುದು ಉತ್ತರ ಹಿಂದೂಸ್ಥಾನದಲ್ಲಿ ಬಾದಶಹರ ಕಾಲದಿಂದ ನಡೆದುಬಂದ ಕಸುಬು. ಅದನ್ನು ವಂಶಪಾರಂಪರ್ಯವಾಗಿ ನಡೆಸಿದವರು ಕಲಂದರರು. ಒಂದು ಕಾಲಕ್ಕೆ ಆಸ್ಥಾನಗಳಲ್ಲಿ ಮನ್ನಣೆ ಪಡೆದಿದ್ದ ಈ ಅಲೆಮಾರಿ ಜನ, ಅರಸೊತ್ತಿಗೆಗಳು ಹೋದ ಬಳಿಕ ರಸ್ತೆಬದಿಗೆ ಬಂದರು. ಊರಿನಿಂದ ಊರಿಗೆ ನಡೆದು, ಸಂಜೆಗೆ ಸಿಕ್ಕ ಚಿಲ್ಲರೆಯಲ್ಲಿ ತಾವೂ ಉಂಡು, ಕರಡಿಗೂ ರೊಟ್ಟಿ-ಹಾಲಿನ ಪಾಲು ಹಾಕಿ ದಿನ ಕಳೆಯುತ್ತಿದ್ದರು.

1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂದಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಆದರೂ ಡಮರು ನಿಲ್ಲಲಿಲ್ಲ. 1998ರ ಅಕ್ಟೋಬರ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಈ ಐದು ಬಗೆಯ ಪ್ರಾಣಿಗಳನ್ನು ಪ್ರದರ್ಶನಕ್ಕಾಗಿ ಪಳಗಿಸಕೂಡದೆಂದು ಅಧಿಸೂಚನೆ ಹೊರಡಿಸಿತು. ಸರ್ಕಸ್ ಕಂಪೆನಿಗಳ ಕಡೆಯವರು ನ್ಯಾಯಾಲಯದ ಮೆಟ್ಟಲು ಹತ್ತಿದರು. 2001ರಲ್ಲಿ ಸುಪ್ರೀಂ ಕೋರ್ಟು ಆ ಅಧಿಸೂಚನೆಯನ್ನು ಎತ್ತಿಹಿಡಿಯಿತು.

ಕಾಯಿದೆಯೇನೋ ಗಟ್ಟಿಯಾಯಿತು. ಆದರೆ ಹಿಡಿದ ಕರಡಿಯನ್ನು ಇಡುವುದೆಲ್ಲಿ ಎಂಬ ಪ್ರಶ್ನೆ ಉಳಿಯಿತು. ಸೆರೆಮನೆಯಲ್ಲಿ ಕರಡಿಯವನನ್ನು ಇಡಬಹುದು, ಕರಡಿಯನ್ನು ಇಡಲಾಗದು. ಈ ತೊಡಕನ್ನು ಬಿಡಿಸಿದುದು ಕಾರ್ತಿಕ್ ಸತ್ಯನಾರಾಯಣ್ ಮತ್ತು ಗೀತಾ ಶೇಷಮಣಿ ಇವರು 1995ರಲ್ಲಿ ಕಟ್ಟಿದ ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆ. ಅರಣ್ಯ ಇಲಾಖೆಗಳ ನೆರವಿನಿಂದ ಆಗ್ರಾದಲ್ಲಿ ಮೊದಲ ಆಶ್ರಯತಾಣ ಎದ್ದಿತು. 2002ರ ಡಿಸೆಂಬರಿನಲ್ಲಿ ಅಲ್ಲಿಗೆ ಮೊದಲ ಕರಡಿ ಬಂದಿತು. ಬನ್ನೇರುಘಟ್ಟ, ಭೋಪಾಲ್, ಪಶ್ಚಿಮ ಬಂಗಾಳದ ಪುರುಲಿಯಾಗಳಲ್ಲಿಯೂ ಇಂಥವೇ ತಾಣಗಳಾದವು. ಮುಂದಿನ ಏಳು ವರ್ಷಗಳಲ್ಲಿ 600ಕ್ಕೂ ಹೆಚ್ಚು ಕರಡಿಗಳು ಬೀದಿಯಿಂದ ಈ ತಾಣಗಳಿಗೆ ಸಾಗಿದವು. 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟಕ್ಕೆ ಬಂದ ರಾಜು ಎಂಬ ಕರಡಿಯನ್ನು ಈ ದೇಶದ ಕಟ್ಟಕಡೆಯ ಕುಣಿಯುವ ಕರಡಿ ಎಂದು ಎಣಿಸಲಾಗಿದೆ. ಶತಮಾನಗಳ ಆಟವೊಂದಕ್ಕೆ ಮಂಗಳ ಹಾಡಿದ್ದು ನಮ್ಮ ಕನ್ನಡ ನೆಲದಲ್ಲಿ.

ಮೊದಲ ದಿನಗಳು

ಹೊಸದಾಗಿ ಬಂದ ಕರಡಿಗೆ ಮೊದಲು ಆಗಬೇಕಾದುದು ಹಗ್ಗದ ವಿಮೋಚನೆ. ಪಶುವೈದ್ಯರು ಅರಿವಳಿಕೆ ಕೊಟ್ಟು ಹಗ್ಗವನ್ನು ಕತ್ತರಿಸುತ್ತಾರೆ. ವರ್ಷಗಟ್ಟಲೆ ಒಂದೇ ಕಡೆ ಉಜ್ಜಿದ ಹಗ್ಗ ಮಾಂಸದೊಳಗೆ ಇಳಿದಿರುತ್ತದೆ. ಹಳೆಯ ರಂಧ್ರ ಹರಿದುಹೋದುದರಿಂದ ಎರಡನೆಯ ಬಾರಿ ಚುಚ್ಚಿದ ಗುರುತೂ ಕೆಲವಕ್ಕೆ ಇರುತ್ತದೆ. ಕೀವನ್ನು ತೊಳೆದು, ಔಷಧಿ ಹಚ್ಚಿ, ಮುರಿದ ಹಲ್ಲಿನ ಬೇರುಗಳನ್ನು ತೆಗೆಯುತ್ತಾರೆ. ಬಾಯಿ ಬಿಟ್ಟು ಹೇಳಿಕೊಳ್ಳಲಾಗದ ಪ್ರಾಣಿಗೆ ಹಲ್ಲುನೋವು ಎಷ್ಟು ವರ್ಷಗಳಿಂದ ಇತ್ತೋ ಬಲ್ಲವರಾರು?

ಅನಂತರ ಸುಮಾರು ಮೂರು ತಿಂಗಳು ಅದು ಉಳಿದ ಕರಡಿಗಳಿಂದ ದೂರವಿರಬೇಕು. ಮನುಷ್ಯರ ನಡುವೆ, ಕಿರಿದಾದ ಬಿಡಾರಗಳಲ್ಲಿ ಬದುಕಿದ ಕರಡಿಗಳಿಗೆ ಮನುಷ್ಯರ ರೋಗಗಳೇ ಅಂಟಿಕೊಂಡಿರುತ್ತವೆ. ಅವುಗಳಲ್ಲಿ ಕ್ಷಯವೇ ಹೆಚ್ಚು ಭಯಂಕರವಾದುದು. ಹೊಟ್ಟೆಹುಳು, ಚರ್ಮರೋಗ, ರಕ್ತಹೀನತೆಗಳಂತೂ ಸಾಮಾನ್ಯ. ಪೌಷ್ಟಿಕ ಆಹಾರವಿಲ್ಲದೆಯೋ ಏಟು ಬಿದ್ದೋ ಕಣ್ಣು ಕಳೆದುಕೊಂಡವೂ ಉಂಟು. ಕರಡಿಯನ್ನು ತೂಗಿ, ರಕ್ತ ಪರೀಕ್ಷಿಸಿ, ಪ್ರತಿಯೊಂದಕ್ಕೂ ಒಂದು ದಾಖಲೆ ತೆರೆಯುತ್ತಾರೆ. ಒಂದು ಹೆಸರನ್ನೂ ಇಡುತ್ತಾರೆ.

ಈ ಅವಧಿಯಲ್ಲಿ ವೈದ್ಯರ ಚೀಲಕ್ಕೆ ಎಟುಕದ ಮತ್ತೊಂದು ಬೇನೆ ಬಯಲಿಗೆ ಬರುತ್ತದೆ. ಹಗ್ಗ ಹೋಗಿದೆ, ಕೋಲು ಹೋಗಿದೆ; ಆದರೂ ಕರಡಿ ಒಂದೇ ಜಾಗದಲ್ಲಿ ನಿಂತು ತಲೆಯನ್ನು ಅತ್ತಿಂದಿತ್ತ ತೂಗುತ್ತಲೇ ಇರುತ್ತದೆ. ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ ನಡೆಯುತ್ತಿರುತ್ತದೆ. ಹಗ್ಗದ ಉದ್ದ ಎಷ್ಟಿತ್ತೋ ಅಷ್ಟೇ ಅದರ ಲೋಕ. ಬೇಲಿಯಾಚೆ ಮರಗಿಡಗಳು ಕಾಯುತ್ತಿದ್ದರೂ ಅದರ ಕಾಲಿಗೆ ಅಳತೆ ಮರೆತಿರುವುದಿಲ್ಲ. ಮೂಗಿನ ಗಾಯ ವಾರಗಳಲ್ಲಿ ಮಾಯುತ್ತದೆ. ಈ ಗಾಯಕ್ಕೆ ವರ್ಷಗಳು ಬೇಕು. ಕೆಲವಕ್ಕೆ ಅದು ಕಡೆಯವರೆಗೂ ಮಾಯುವುದಿಲ್ಲ.

ಬೆಳಗಿನಿಂದ ಬೈಗಿನವರೆಗೆ

ಆಶ್ರಯತಾಣದ ದಿನ ನಸುಕಿಗೆ ಮೊದಲಾಗುತ್ತದೆ. ಪಾಲಕರು ಮೊದಲು ಗೂಡುಗಳ ಮುಂದೆ ಒಂದು ಸುತ್ತು ಹಾಕುತ್ತಾರೆ. ರಾತ್ರಿ ಯಾವುದು ಮಲಗಿತು, ಯಾವುದು ಕೆಮ್ಮಿತು, ಯಾವುದರ ಸಗಣಿ ನೀರಾಗಿದೆ, ಯಾವುದು ಕಾಲನ್ನು ಊರುತ್ತಿಲ್ಲ ಎಂಬುದನ್ನು ಗಮನಿಸುವುದು ಅವರ ಮೊದಲ ಕೆಲಸ. ಕರಡಿಯು ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ನೆಲ ಕಚ್ಚುವ ತನಕ ಅದು ನೋವನ್ನು ತೋರಗೊಡುವುದಿಲ್ಲ. ಆದುದರಿಂದ ದಿನವೂ ನೋಡುವ ಕಣ್ಣೇ ಇಲ್ಲಿ ದೊಡ್ಡ ವೈದ್ಯ.

ಅಷ್ಟರಲ್ಲಿ ಅಡುಗೆಮನೆಯ ಒಲೆ ಉರಿಯುತ್ತಿರುತ್ತದೆ. ದೊಡ್ಡ ಹಂಡೆಗಳಲ್ಲಿ ಧಾನ್ಯದ ಗಂಜಿ ಕುದಿಯುತ್ತದೆ. ಅದಕ್ಕೆ ಹಾಲು, ಮೊಟ್ಟೆ, ಜೇನು ಬೆರೆಯುತ್ತವೆ. ಹಲ್ಲಿಲ್ಲದವುಗಳಿಗೆ ಗಂಜಿ ತೆಳ್ಳಗಿರಬೇಕು. ಮೈ ಬಂದವುಗಳಿಗೆ ಜೇನು ಮಿತವಾಗಿರಬೇಕು. ಔಷಧಿ ತೆಗೆದುಕೊಳ್ಳಬೇಕಾದವುಗಳ ಪಾತ್ರೆ ಬೇರೆಯೇ ಇರಬೇಕು. ಕೂಡು ಕುಟುಂಬವನ್ನು ಸಾಗಿಸಿದ ಗೃಹಿಣಿಯರಿಗೆ ಈ ಅಡುಗೆಮನೆಯ ಕಷ್ಟ ಸುಲಭವಾಗಿ ಅರ್ಥವಾದೀತು. ಮಾತ್ರೆಯನ್ನು ಬಾಳೆಹಣ್ಣಿನೊಳಗೆ ಅಡಗಿಸಿಟ್ಟರೆ ಹಣ್ಣನ್ನು ತಿಂದು ಮಾತ್ರೆಯನ್ನು ಮಾತ್ರ ಉಗಿಯುವ ಜಾಣರೂ ಅಲ್ಲಿಲ್ಲದಿಲ್ಲ.

ಗಂಜಿ ಮುಗಿಸಿದ ಕರಡಿಗಳು ಬಯಲಿಗೆ ಹೋಗುತ್ತವೆ. ಬಯಲೆಂದರೆ ಬೇಲಿ ಹಾಕಿದ ಕಾಡಿನ ತುಂಡು; ಮರ, ಪೊದೆ, ನೀರಿನ ತೊಟ್ಟಿ, ಏರಲು ಅಟ್ಟಣಿಗೆ ಎಲ್ಲ ಅಲ್ಲಿವೆ. ಅವು ಹೊರಗೆ ಹೋದ ಮೇಲೆ ಗೂಡುಗಳನ್ನು ಗುಡಿಸಿ ತೊಳೆಯುವ ಕೆಲಸ. ಈ ನಡುವೆ ಪಾಲಕರು ಬಯಲಿನಲ್ಲಿ ಗುಟ್ಟಾಗಿ ಒಂದು ಆಟ ಹೂಡಿರುತ್ತಾರೆ. ಮರದ ದಿಮ್ಮಿಗೆ ತೂತುಗಳನ್ನು ಕೊರೆದು ಒಳಗೆ ಜೇನು ಸವರಿಡುತ್ತಾರೆ. ಕಲ್ಲಿನ ಕೆಳಗೆ ಖರ್ಜೂರ, ಕೊಂಬೆಯ ಕವಲಿನಲ್ಲಿ ಕಲ್ಲಂಗಡಿಯ ಹೋಳು, ಹಳೆಯ ಟೈರಿನೊಳಗೆ ಕಡಲೆಕಾಯಿ ಬಚ್ಚಿಡುತ್ತಾರೆ. ಬೇಸಗೆಯಲ್ಲಿ ಹಣ್ಣುಗಳನ್ನು ಮಂಜುಗಡ್ಡೆಯಲ್ಲಿ ಹುದುಗಿಸಿ ಕೊಡುವುದುಂಟು. ಕೈಗೆ ಕೊಟ್ಟರೆ ಐದು ನಿಮಿಷದಲ್ಲಿ ಮುಗಿಯುವ ತಿಂಡಿಯನ್ನು ಹೀಗೇಕೆ ಅಡಗಿಸಬೇಕು? ಕಾಡಿನ ಕರಡಿಗೆ ಎಚ್ಚರವಿರುವ ಹೊತ್ತಿನ ಬಹುಪಾಲು ಆಹಾರ ಹುಡುಕುವುದರಲ್ಲಿಯೇ ಕಳೆಯುತ್ತದೆ. ಹುಡುಕುವುದು ಅದರ ಉದ್ಯೋಗ. ಉದ್ಯೋಗವಿಲ್ಲದ ಕರಡಿ ಮತ್ತೆ ತಲೆ ತೂಗತೊಡಗುತ್ತದೆ. ಬೀದಿಯಲ್ಲಿ ಬೆಳೆದ ಕರಡಿಗೆ ಮೂಗನ್ನು ನೆಲಕ್ಕಿಟ್ಟು ಮೂಸುವುದನ್ನು ಮತ್ತೆ ಕಲಿಸಬೇಕು. ಗಾಯದ ಕಲೆ ಹೊತ್ತ ಅದೇ ಮೂಗು ಒಂದು ದಿನ ದಿಮ್ಮಿಯೊಳಗಿನ ಜೇನನ್ನು ತಾನಾಗಿ ಕಂಡುಹಿಡಿದಾಗ, ಪಾಲಕರ ಪಾಲಿಗೆ ಅದೇ ಹಬ್ಬ.

ಗೆಳೆತನವನ್ನೂ ಇಲ್ಲಿ ಕಲಿಸಬೇಕಾಗುತ್ತದೆ. ಮರಿಯಾಗಿದ್ದಾಗಲೇ ಒಂಟಿಯಾದ ಪ್ರಾಣಿಗೆ ತನ್ನ ಜಾತಿಯ ಭಾಷೆಯೇ ತಿಳಿಯದು. ಹೊಸಬನನ್ನು ಮೊದಲು ಸರಳುಗಳಾಚೆಯಿಂದ ಪರಿಚಯಿಸುತ್ತಾರೆ. ಮೂಸಿ ನೋಡಲು ಬಿಡುತ್ತಾರೆ. ಗುರುಗುಟ್ಟಿದರೆ ಇನ್ನಷ್ಟು ದಿನ ಕಾಯುತ್ತಾರೆ. ಸೌಮ್ಯವಾದೊಂದು ಹಳೆಯ ಕರಡಿಯ ಜೊತೆ ಬಿಟ್ಟು ನೋಡಿ, ಬಳಿಕ ಗುಂಪಿಗೆ ಸೇರಿಸುತ್ತಾರೆ. ಹೀಗೆ ಸೇರಿದವುಗಳು ಒಂದೇ ಅಟ್ಟಣಿಗೆಯ ಮೇಲೆ ಒಂದರ ಮೈಮೇಲೊಂದು ಕಾಲು ಹಾಕಿಕೊಂಡು ಮಲಗುವುದೂ ಉಂಟು.

ಮಧ್ಯಾಹ್ನ ನಿದ್ದೆ, ಇಳಿಹೊತ್ತಿಗೆ ಹಣ್ಣು. ಕಲ್ಲಂಗಡಿ, ಪರಂಗಿ, ಬಾಳೆ, ಸೀಬೆ, ಮಾವಿನ ಕಾಲದಲ್ಲಿ ಮಾವು. ಸಂಜೆ ಮತ್ತೆ ಗಂಜಿ. ಹೆಸರು ಹಿಡಿದು ಕರೆದೊಡನೆ ಒಂದೊಂದಾಗಿ ಗೂಡಿಗೆ ಬರುತ್ತವೆ. ಜೇನಿನ ಆಸೆ ತೋರಿಸಿ, ಸರಳಿನ ಸಂದಿಯಿಂದ ಕೈ ಚಾಚಿ ರಕ್ತ ಕೊಡುವುದನ್ನು ಕೆಲವಕ್ಕೆ ಕಲಿಸಿರುತ್ತಾರೆ. ಹಿಂದೆ ಹಗ್ಗಕ್ಕೆ ಹೆದರಿ ಕೈಯೆತ್ತುತ್ತಿದ್ದ ಪ್ರಾಣಿ ಇಲ್ಲಿ ತನ್ನ ಇಷ್ಟದಿಂದ ಕೈ ನೀಡುತ್ತದೆ. ಇಷ್ಟವಿಲ್ಲದ ದಿನ ಬೆನ್ನು ತಿರುಗಿಸಿ ಹೋಗಿಬಿಡುತ್ತದೆ. ಹಾಗೆ ಹೋಗುವ ಸ್ವಾತಂತ್ರ್ಯ ಅದಕ್ಕೆ ಹೊಸದು. ಪಾಲಕರು ಅದನ್ನು ಗೌರವಿಸುತ್ತಾರೆ.

ಕಾಡಿಗೇಕೆ ಬಿಡಬಾರದು?

ಇಷ್ಟೆಲ್ಲ ಖರ್ಚು ಏಕೆ, ಕಾಡಿಗೆ ಬಿಟ್ಟರೆ ಆಗದೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದುದೇ. ಕಾಡಿನ ಕರಡಿಮರಿ ಎರಡು ವರ್ಷಕ್ಕೂ ಮೇಲ್ಪಟ್ಟು ತಾಯಿಯ ಜೊತೆ ಇರುತ್ತದೆ. ಯಾವ ಮರ ಯಾವಾಗ ಹಣ್ಣು ಬಿಡುತ್ತದೆ, ಯಾವ ಬಂಡೆಯ ನೆರಳಲ್ಲಿ ಬೇಸಗೆಯ ಹಗಲು ಕಳೆಯಬೇಕು, ಹುಲಿಯ ವಾಸನೆ ಬಂದರೆ ಎತ್ತ ಸರಿಯಬೇಕು ಎಂಬುದೆಲ್ಲ ತಾಯಿಯ ಬೆನ್ನ ಮೇಲೆ ಕಲಿಯುವ ವಿದ್ಯೆ. ಆ ಶಾಲೆಯನ್ನು ಬೇಟೆಗಾರ ಮುಚ್ಚಿಬಿಟ್ಟನು. ಕೋರೆಹಲ್ಲಿಲ್ಲದ, ಕಣ್ಣು ಕಾಣದ, ಮನುಷ್ಯನನ್ನು ಕಂಡರೆ ಹತ್ತಿರ ಬರುವ ಕರಡಿಯನ್ನು ಕಾಡಿಗೆ ಬಿಡುವುದೆಂದರೆ ಅದನ್ನು ಸಾವಿಗೆ ಬಿಟ್ಟಂತೆ. ಸಮೀಪದ ಹಳ್ಳಿಯವರನ್ನೂ ಅಪಾಯಕ್ಕೆ ನೂಕಿದಂತೆ.

ಕರಡಿ ತನ್ನ ನೆಲದಲ್ಲಿ ತನ್ನಂತೆ ಬದುಕುವುದನ್ನು ನೋಡಬೇಕಾದರೆ ಹಂಪಿಗೆ ಸಮೀಪದ ದರೋಜಿಗೆ ಹೋಗಬೇಕು. 1994ರಲ್ಲಿ ಕರಡಿಗಳಿಗಾಗಿಯೇ ಮೀಸಲಾದ ಆ ಅಭಯಾರಣ್ಯದಲ್ಲಿ ಸಂಜೆ ಬಂಡೆಗಳ ಸಂದಿನಿಂದ ಕರಡಿಗಳು ಇಳಿದುಬರುತ್ತವೆ. ಜಾಂಬವಂತನ ನೆನಪಿರುವ ಕಿಷ್ಕಿಂಧೆಯ ಸೀಮೆ ಅದು. ಅಲ್ಲಿ ತಾಯಿಯ ಬೆನ್ನೇರಿದ ಮರಿಗಳನ್ನು ಕಂಡವರಿಗೆ ಬನ್ನೇರುಘಟ್ಟದ ಕರಡಿಗಳು ಕಳೆದುಕೊಂಡದ್ದೇನೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಬನ್ನೇರುಘಟ್ಟದ ಆಶ್ರಯತಾಣ ಅವಕ್ಕೆ ಕಾಡನ್ನು ಹಿಂದಿರುಗಿಸಿಲ್ಲ, ಹಿಂದಿರುಗಿಸಲಾರದು. ನೋವಿಲ್ಲದ ಒಂದು ಮುಪ್ಪನ್ನು ಕೊಟ್ಟಿದೆ.

ಕಡಲಾಚೆಯ ಸೆರೆಯಾಳುಗಳು

ಈ ಕಥೆ ಕರಡಿಯೊಂದರದೇ ಅಲ್ಲ. ಆಫ್ರಿಕ ಖಂಡದ ಕಾಡುಗಳಲ್ಲಿ ಮನುಷ್ಯನಿಗೆ ಅತಿ ಹತ್ತಿರದ ನೆಂಟನಾದ ಚಿಂಪಾಂಜಿಯ ಗತಿಯೂ ಇದೇ ಆಗಿದೆ. ಅಲ್ಲಿಯೂ ತಾಯಿಯನ್ನು ಕೊಂದು ಮರಿಯನ್ನು ಮಾರುತ್ತಾರೆ. ಕೊಂಡವನು ಅದಕ್ಕೆ ಅಂಗಿ ತೊಡಿಸಿ ಮಗುವಿನಂತೆ ಆಡಿಸುತ್ತಾನೆ; ಐದಾರು ವರ್ಷವಾಗಿ ಬಲ ಬಂದೊಡನೆ ಪಂಜರಕ್ಕೆ ನೂಕುತ್ತಾನೆ. ಶ್ರೀಲಂಕಾ ಮೂಲದ ಲೆಕ್ಕಪರಿಶೋಧಕ ಬಾಲ ಅಮರಶೇಖರನ್ ಎಂಬುವರು 1988ರಲ್ಲಿ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದ ಹಳ್ಳಿಯೊಂದರಲ್ಲಿ ಸೊರಗಿದ್ದ ಒಂದು ಚಿಂಪಾಂಜಿ ಮರಿಯನ್ನು ಕಂಡು, ಮರುಕದಿಂದ 20 ಡಾಲರ್ ಕೊಟ್ಟು ಮನೆಗೆ ತಂದರು. ಬ್ರೂನೋ ಎಂದು ಹೆಸರಿಟ್ಟರು. ಆ ಒಂದು ಮರಿಯ ಹೊಣೆ ಬೆಳೆದು 1995ರಲ್ಲಿ ಟಕುಗಾಮ ಎಂಬ ಆಶ್ರಯತಾಣವಾಯಿತು. ಆ ದೇಶದಲ್ಲಿ ಒಳಯುದ್ಧದ ಬೆಂಕಿ ಉರಿಯುತ್ತಿದ್ದ ವರ್ಷಗಳಲ್ಲಿಯೂ ಪಾಲಕರು ತಾಣವನ್ನು ಬಿಡಲಿಲ್ಲ. 2019ರಲ್ಲಿ ಸಿಯೆರಾ ಲಿಯೋನ್ ಚಿಂಪಾಂಜಿಯನ್ನು ತನ್ನ ರಾಷ್ಟ್ರೀಯ ಪ್ರಾಣಿಯೆಂದು ಸಾರಿತು.

ಉಗಾಂಡದ ವಿಕ್ಟೋರಿಯಾ ಸರೋವರದಲ್ಲಿ ಗಂಬಾ ಎಂಬ ನಡುಗಡ್ಡೆಯಿದೆ. 1998ರಲ್ಲಿ ಅದನ್ನು ಅನಾಥ ಚಿಂಪಾಂಜಿಗಳಿಗೆ ಬಿಟ್ಟುಕೊಡಲಾಯಿತು. ಚಿಂಪಾಂಜಿಗೆ ಈಜು ಬಾರದು, ಸರೋವರವೇ ಬೇಲಿ. ಹಗಲು ಕಾಡಿನಲ್ಲಿ ಅಲೆದು, ಸಂಜೆ ಗಂಜಿಗೆ ಮರಳಿ, ಮನೆಯೊಳಗಿನ ತೂಗುಹಾಸಿಗೆಗಳಲ್ಲಿ ಅವು ಮಲಗುತ್ತವೆ. ಬನ್ನೇರುಘಟ್ಟದ ಪಾಲಕನನ್ನು ಅಲ್ಲಿ ನಿಲ್ಲಿಸಿದರೆ ಒಂದು ವಾರದಲ್ಲಿ ಕೆಲಸ ಕಲಿತಾನು. ಗಂಜಿಯ ಹಂಡೆ ಎರಡು ಕಡೆಯೂ ಒಂದೇ. ಕಾಂಗೋ ಗಣರಾಜ್ಯದಲ್ಲಿ ಇಂಥದೇ ತಾಣವನ್ನು 1992ರಲ್ಲಿ ತೆರೆದುದು ಜೇನ್ ಗುಡಾಲ್ ಅವರ ಸಂಸ್ಥೆ. 1960ರಲ್ಲಿ ಗೊಂಬೆಯ ಕಾಡಿಗೆ ಹೋಗಿ ಚಿಂಪಾಂಜಿಗಳ ನಡೆನುಡಿಯನ್ನು ಲೋಕಕ್ಕೆ ತಿಳಿಸಿದ ಆ ಮಹಿಳೆ 2025ರ ಅಕ್ಟೋಬರ್ 1ರಂದು ತೀರಿಕೊಂಡರು.

ಈ ವ್ಯಾಪಾರ ನಮ್ಮ ದೇಶಕ್ಕೂ ಕಾಲಿಟ್ಟಿದೆ. ಕೋಲ್ಕತ್ತದ ಕಳ್ಳಸಾಗಣೆಗಾರನೊಬ್ಬನ ಮನೆಯಲ್ಲಿ ಸಿಕ್ಕ ಮೂರು ಚಿಂಪಾಂಜಿಗಳನ್ನು 2019ರಲ್ಲಿ ಜಾರಿ ನಿರ್ದೇಶನಾಲಯವು, ಚಿನ್ನವನ್ನೋ ಮನೆಯನ್ನೋ ಮುಟ್ಟುಗೋಲು ಹಾಕುವಂತೆ, ಮುಟ್ಟುಗೋಲು ಹಾಕಿಕೊಂಡಿತು. ಅವು ಅಲಿಪುರದ ಮೃಗಾಲಯದ ಆಶ್ರಯ ಸೇರಿದವು. ಚಿಂಪಾಂಜಿ ಆರೈಕೆಯಲ್ಲಿ ಐವತ್ತು ವರ್ಷಕ್ಕೂ ಮೇಲೆ ಬದುಕಬಲ್ಲುದು, ಕರಡಿ ಮೂವತ್ತರ ಸುಮಾರು. ಹಿಡಿಯುವುದು ಒಂದು ಗಳಿಗೆಯ ಕೆಲಸ, ಬಿಡಿಸುವುದು ಒಂದು ದಿನದ ಕೆಲಸ. ಸಾಕುವುದು ಒಂದು ತಲೆಮಾರಿನ ಕೆಲಸ.

ಕೋಲು ಹಿಡಿದಿದ್ದ ಕೈ

ಕರಡಿಯನ್ನು ಕಿತ್ತುಕೊಂಡ ಮೇಲೆ ಕರಡಿಯವನ ಗತಿಯೇನು? ಈ ಪ್ರಶ್ನೆಯನ್ನು ಕೇಳದೆ ಹೋಗಿದ್ದರೆ ಡಮರು ಇಂದಿಗೂ ನಿಲ್ಲುತ್ತಿರಲಿಲ್ಲ. ದಂಡ ತೆತ್ತು ಬಂದವನು ಮರುದಿನ ಇನ್ನೊಂದು ಮರಿಯನ್ನು ಕೊಳ್ಳುತ್ತಿದ್ದನು. ಕಾಡಿನಲ್ಲಿ ಇನ್ನೊಂದು ತಾಯಿ ಸಾಯುತ್ತಿತ್ತು. ಹೊಟ್ಟೆಯ ದಾರಿಯನ್ನು ಬದಲಾಯಿಸದೆ ಕೈಯ ಹಗ್ಗವನ್ನು ಬಿಡಿಸಲಾಗದು ಎಂಬುದನ್ನು ಈ ಕಾರ್ಯಕ್ಕೆ ಇಳಿದವರು ಬೇಗ ಕಂಡುಕೊಂಡರು.

ಆದುದರಿಂದ ಕರಡಿಯನ್ನು ಒಪ್ಪಿಸಿ, ಮತ್ತೆಂದೂ ಈ ಕಸುಬಿಗೆ ಇಳಿಯುವುದಿಲ್ಲವೆಂದು ಬರೆದುಕೊಟ್ಟ ಕಲಂದರನಿಗೆ ಬೇರೊಂದು ಜೀವನೋಪಾಯಕ್ಕೆ ಬಂಡವಾಳ ಕೊಡುವ ಏರ್ಪಾಡಾಯಿತು. ಕೆಲವರು ಅಂಗಡಿ ಇಟ್ಟರು, ಕೆಲವರು ಆಟೋರಿಕ್ಷಾ ಓಡಿಸಿದರು. ಹೆಂಗಸರು ಹೊಲಿಗೆ, ಕಸೂತಿಗಳನ್ನು ಕಲಿತರು. ಊರೂರು ಅಲೆಯುವುದು ನಿಂತುದರಿಂದ ಮಕ್ಕಳು ಶಾಲೆಗೆ ಹೋದರು. ಆ ಕುಲದಲ್ಲಿ ಹೆಣ್ಣುಮಕ್ಕಳು ಅಕ್ಷರ ಕಲಿತುದು ಅನೇಕ ಮನೆಗಳಿಗೆ ಅದೇ ಮೊದಲು. ಇನ್ನು ಕೆಲವರು ಆಶ್ರಯತಾಣಗಳಲ್ಲಿಯೇ ಪಾಲಕರಾಗಿ ಸೇರಿದರು. ಕರಡಿಯ ಕೋಪ-ತಾಪಗಳನ್ನು ಅವರಷ್ಟು ಬಲ್ಲವರು ಯಾರು? ಅಂದು ಹಗ್ಗ ಎಳೆದ ಕೈ ಇಂದು ಗಂಜಿಯ ಪಾತ್ರೆ ಇಡುತ್ತದೆ. ಪಾಪಕ್ಕೆ ಪ್ರಾಯಶ್ಚಿತ್ತವನ್ನು ಹೇಳುವ ಗ್ರಂಥಗಳು ಎಷ್ಟೋ ಇವೆ. ಇಷ್ಟು ನೇರವಾದ ಪ್ರಾಯಶ್ಚಿತ್ತ ಅಪರೂಪ.

ಇದರಿಂದ ಪ್ರೇಕ್ಷಕರು ಮಾತ್ರ ನುಣುಚಿಕೊಳ್ಳುವಂತಿಲ್ಲ. ಕಲಂದರನು ಹಗ್ಗ ಎಳೆದುದು ಬೀದಿಯಲ್ಲಿ ಬಿದ್ದ ಕಾಸಿಗಾಗಿ. ಆ ಕಾಸನ್ನು ಎಸೆದವರು ಮನೆ-ಮಠ ಉಳ್ಳ ಮರ್ಯಾದಸ್ಥರು. ತಾಯಿತಕ್ಕೆ ಕೂದಲು ಕೊಂಡವರೂ ಅವರೇ.

ಮುಗಿಯದ ಹೊಣೆ

ಕುಣಿಯುವ ಕರಡಿಯ ಅಧ್ಯಾಯ 2009ರಲ್ಲಿ ಮುಗಿಯಿತೆನ್ನುವುದು ಬೀದಿಯ ಮಟ್ಟಿಗೆ ನಿಜ. ಆಶ್ರಯತಾಣದ ಮಟ್ಟಿಗೆ ಕೆಲಸ ಆಗ ಮೊದಲಾಯಿತು. ಅಂದು ಬಂದ ಕರಡಿಗಳಿಗೆ ವಯಸ್ಸಾಗಿದೆ. ಕೀಲುನೋವು, ಕಣ್ಣಿನ ಪೊರೆ, ಹುಳುಕು ಹಲ್ಲು, ಹಳೆಯ ಕ್ಷಯದ ಬಾಧೆಗಳು ಒಂದೊಂದಾಗಿ ತಲೆಯೆತ್ತುತ್ತವೆ. ಅಟ್ಟಣಿಗೆಗಳನ್ನು ತಗ್ಗಿಸಬೇಕು, ಹತ್ತುವಲ್ಲಿ ಇಳಿಜಾರು ಮಾಡಬೇಕು, ಚಳಿಗಾಲದಲ್ಲಿ ಹುಲ್ಲಿನ ಹಾಸಿಗೆ ದಪ್ಪವಾಗಬೇಕು. ಒಂದೊಂದಾಗಿ ಅವು ಕಣ್ಣು ಮುಚ್ಚುತ್ತವೆ. ಇಲ್ಲಿ ಸಂತಾನ ಬೆಳೆಸುವ ಉದ್ದೇಶವಿಲ್ಲ. ಹಳೆಯ ಕರಡಿಗಳ ಗೂಡುಗಳು ಬರಿದಾಗುವುದೇ ಈ ಕಾರ್ಯದ ಸಾರ್ಥಕತೆ. ಎಂದೋ ಒಂದು ದಿನ ಮೂಗಿನ ಮೇಲೆ ಹಗ್ಗದ ಕಲೆಯುಳ್ಳ ಕರಡಿ ಈ ನಾಡಿನಲ್ಲಿ ಒಂದೂ ಇಲ್ಲವೆಂಬ ಸುದ್ದಿ ಬರಬೇಕು. ಆ ಸುದ್ದಿಗೆ ದುಃಖಿಸಬೇಕಾದ ಕಾರಣವಿರದು.

ಆದರೆ ಗೂಡುಗಳು ಪೂರ್ತಿ ಬರಿದಾಗಲು ನಾವು ಬಿಟ್ಟಿಲ್ಲ. ಕಾಡುಹಂದಿಗೆಂದು ಹೊಲದಂಚಿನಲ್ಲಿ ಒಡ್ಡಿದ ತಂತಿಯ ಉರುಲಿಗೆ ಕರಡಿಯ ಕಾಲು ಸಿಕ್ಕುತ್ತದೆ. ಗುಡ್ಡಗಳನ್ನು ಕಲ್ಲಿಗಾಗಿ ಒಡೆದಾಗ ಗವಿಗಳು ಹೋಗುತ್ತವೆ. ಗವಿ ಕಳೆದುಕೊಂಡ ಕರಡಿ ಊರಿನ ಕಡೆಗೆ ಬರುತ್ತದೆ. ಬಂದರೆ ಕಲ್ಲು, ಬೆಂಕಿ, ಬೊಬ್ಬೆಗಳ ಸ್ವಾಗತ. ಗಾಯಗೊಂಡ ಇಂಥ ಕರಡಿಗಳೂ ತಾಯಿ ಇಲ್ಲದ ಮರಿಗಳೂ ಚಿಕಿತ್ಸೆಗೆ ಬರುತ್ತಲೇ ಇವೆ.

ಹೀಗಿರಲು ಗೃಹಸ್ಥರು ಮಾಡಬಹುದಾದುದೇನು? ಪ್ರಾಣಿಯನ್ನು ಕುಣಿಸುವ ಆಟಕ್ಕೆ, ಅದು ಕರಡಿಯದಿರಲಿ, ಕೋತಿಯದಿರಲಿ, ಕಾಸು ಎಸೆಯದಿರುವುದು. ಕಾಡುಪ್ರಾಣಿಯ ಕೂದಲು, ಉಗುರು, ಹಲ್ಲುಗಳ ತಾಯಿತಗಳನ್ನು ಕೊಳ್ಳದಿರುವುದು. ಮುದ್ದಾಗಿ ಕಾಣುವ ಪರದೇಶದ ಮರಿಯನ್ನು ಮನೆಗೆ ತರುವ ಆಸೆಯನ್ನು ಚಿಗುರಿನಲ್ಲಿಯೇ ಚಿವುಟುವುದು. ತೊಂದರೆಯಲ್ಲಿರುವ ಕಾಡುಪ್ರಾಣಿ ಕಣ್ಣಿಗೆ ಬಿದ್ದರೆ ಗುಂಪು ಕಟ್ಟದೆ ಅರಣ್ಯ ಇಲಾಖೆಗೆ ತಿಳಿಸುವುದು. ರಜೆಯಲ್ಲಿ ಮಕ್ಕಳನ್ನು ಬನ್ನೇರುಘಟ್ಟಕ್ಕೆ ಕರೆದೊಯ್ಯುವವರು ಕರಡಿಯನ್ನು ತೋರಿಸಿ ಜಾಂಬವಂತನ ಕಥೆ ಹೇಳುವುದು ಒಳ್ಳೆಯದು. ಮೂಗುದಾರದ ಕಥೆಯನ್ನೂ ಜೊತೆಗೆ ಹೇಳಿದರೆ ಇನ್ನೂ ಒಳ್ಳೆಯದು. ಮೊದಲನೆಯದು ನಮ್ಮ ಹಿರಿಯರು ಕರಡಿಗೆ ಕೊಟ್ಟ ಗೌರವ. ಎರಡನೆಯದು ನಾವು ಅದಕ್ಕೆ ತೀರಿಸಬೇಕಾದ ಸಾಲ.

ಆ ಸಾಲದ ಕಂತನ್ನು ಬನ್ನೇರುಘಟ್ಟದ ಪಾಲಕರು ದಿನಕ್ಕೆ ಎರಡು ಬಾರಿ ಗಂಜಿಯ ರೂಪದಲ್ಲಿ ನಾಡಿನ ಪರವಾಗಿ ಕಟ್ಟುತ್ತಿದ್ದಾರೆ.